ಖಾರದ ಪುಡಿಯೂ ಸಾಕ್ಷಿ ಹೇಳತ್ತೆ

ಕಳ್ಳತನದ ಸುದ್ದಿ ಓದೀ ಓದೀ ನನಗೆ ಎರಡು ಸಾಲು ಬಾಯಿಪಾಠ ಆಗಿ ಹೋಗಿದೆ. 'ಕಳ್ಳರು ಹೋಗುವಾಗ ಸಿಸಿಟಿವಿಯ ಡಿವಿಆರ್ ಕೂಡ ಹೊತ್ತೊಯ್ದಿದ್ದಾರೆ.' ಅದರ ಬೆನ್ನಲ್ಲೇ, 'ಶ್ವಾನದಳಕ್ಕೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಎರಚಿದ್ದಾರೆ.' 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆಜಿಗೂ ಹೆಚ್ಚು ಚಿನ್ನ ಹೋಯ್ತಲ್ಲ, ಅಲ್ಲೂ ಇದೇ ಕಥೆ. ಡಿವಿಆರ್ ಮಾಯ, ನೆಲದ ತುಂಬ ಖಾರದ ಪುಡಿ. ಕೊನೆಗೇನಾಯ್ತು? ಕೆಲವು ತಿಂಗಳ ನಂತರ ಪೊಲೀಸರು ಹಿಡಿದರು. ಚಿನ್ನದ ದೊಡ್ಡ ಪಾಲು ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತು.

ಖಾರದ ಪುಡಿ ನಾಯಿಯ ಮೂಗನ್ನು ಮೋಸ ಮಾಡಬಹುದು. ಆದರೆ ಪೊಲೀಸರಿಗೆ ಆ ಪುಡಿಯೇ ಒಂದು ಮಾತು ಹೇಳತ್ತೆ. ಬಂದವನು ಬಾಗಿಲು ತೆರೆದಿತ್ತು ಅಂತ ನುಗ್ಗಿದವನಲ್ಲ, ತಯಾರಿ ಮಾಡಿಕೊಂಡೇ ಬಂದವನು. ಅವನಿಗೆ ಬ್ಯಾಂಕಿನ ಒಳಗಿನ ಲೆಕ್ಕ ಗೊತ್ತು, ಪೊಲೀಸರ ಲೆಕ್ಕವೂ ಗೊತ್ತು.

ಇವತ್ತು ನಾನು ಹೇಳೋದಕ್ಕೆ ಹೊರಟಿರೋದು ಕಂಪ್ಯೂಟರ್ ಕಳ್ಳನ ಖಾರದ ಪುಡಿಯ ಬಗ್ಗೆ. ಇದು ಸಾಫ್ಟ್‌ವೇರ್ ಎಂಜಿನಿಯರುಗಳ ವಿಷಯ, ನಮಗ್ಯಾಕೆ ಅಂತ ದಯವಿಟ್ಟು ರಿಮೋಟ್ ಹುಡುಕಬೇಡಿ. ನಿಮ್ಮ ಸೊಸೈಟಿಯ ಠೇವಣಿ, ನಿಮ್ಮ ಜಮೀನಿನ ದಾಖಲೆ, ನಿಮ್ಮ ಮಗಳ ಮಾರ್ಕ್ಸ್ ಕಾರ್ಡ್, ಎಲ್ಲವೂ ಇವತ್ತು ಯಾವುದೋ ಒಂದು ಕಂಪ್ಯೂಟರಿನಲ್ಲಿದೆ. ಅದಕ್ಕೆ ಯಾರು ಕೈ ಹಾಕಿದರು ಅನ್ನೋದಕ್ಕೆ ಸಾಕ್ಷಿಯೂ ಅಲ್ಲೇ ಇದೆ. ಆ ಸಾಕ್ಷಿಯನ್ನೇ ಅಳಿಸಿಬಿಟ್ಟರೆ ಏನು ಗತಿ? ಪ್ರಶ್ನೆ ಅಷ್ಟೇ.

ಪೊಲೀಸ್ ಠಾಣೆಯಲ್ಲಿ ಸ್ಟೇಷನ್ ಡೈರಿ ಇರತ್ತೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರ ಹತ್ತಿರ ಒಂದು ರಿಜಿಸ್ಟರ್ ಇರತ್ತೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಮನೆಗೆ ಹೋದರು, ಯಾವಾಗ ವಾಪಸ್ ಹೋದರು. ಕಂಪ್ಯೂಟರ್ ಕೂಡ ಇಂಥದ್ದೊಂದು ಪುಸ್ತಕ ಬರೀತಾ ಇರತ್ತೆ. ಅದಕ್ಕೆ ಇವೆಂಟ್ ಲಾಗ್ ಅಂತಾರೆ. ನಾವು ಸುಮ್ಮನೆ ಡೈರಿ ಅಂತ ಕರೆಯೋಣ.

ನಮ್ಮ ಆಫೀಸುಗಳಲ್ಲಿ ಹೆಚ್ಚಾಗಿ ಇರೋದು ವಿಂಡೋಸ್. ಅದರ ಡೈರಿಯಲ್ಲಿ ಪ್ರತಿಯೊಂದು ಬಗೆಯ ಘಟನೆಗೂ ಒಂದೊಂದು ನಂಬರ್ ಇದೆ. ಯಾರಾದರೂ ಸರಿಯಾಗಿ ಲಾಗಿನ್ ಆದರೆ 4624. ಲಾಗಿನ್ ಮಾಡಲು ಹೋಗಿ ವಿಫಲವಾದರೆ 4625. ಹೊಸದಾಗಿ ಒಬ್ಬ ಬಳಕೆದಾರನ ಖಾತೆ ತೆರೆದರೆ 4720. ಈಗ ಊಹಿಸಿ ನೋಡಿ. ರಾತ್ರಿ ಎರಡು ಗಂಟೆಗೆ 4625 ಒಂದರ ಹಿಂದೆ ಒಂದು ಇನ್ನೂರು ಸಲ ಬಿದ್ದಿದೆ. ಆಮೇಲೆ ಒಂದೇ ಒಂದು 4624. ಅದಾದ ಎರಡು ನಿಮಿಷಕ್ಕೆ 4720. ಇದನ್ನ ಓದೋಕೆ ಎಂಜಿನಿಯರಿಂಗ್ ಡಿಗ್ರಿ ಬೇಕಾ? ಯಾರೋ ಬೀಗದ ಮೇಲೆ ಬೀಗದ ಕೈ ಬದಲಿಸುತ್ತಾ ಕೂತಿದ್ದ, ಕೊನೆಗೊಂದು ಸರಿಹೋಯ್ತು, ಒಳಗೆ ಬಂದವನೇ ತನಗೊಂದು ನಕಲಿ ಕೀ ಮಾಡಿಸಿಕೊಂಡ. ಮೂರು ನಂಬರಿನಲ್ಲಿ ಪೂರ್ತಿ ಕಥೆ ಬಂತು.

ಕಳ್ಳನಿಗೂ ಇದು ಗೊತ್ತು. ಅದಕ್ಕೇ ಕೆಲಸ ಮುಗಿಸಿ ಹೊರಡುವಾಗ ಅವನು ಡೈರಿ ಅಳಿಸ್ತಾನೆ. ಇದಕ್ಕೆ ಅವನು ಏನೂ ತರಬೇಕಾಗಿಲ್ಲ. ಡೈರಿ ಅಳಿಸುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ, ಒಂದು ಸಾಲಿನ ಆದೇಶ ಕೊಟ್ಟರೆ ಸಾಕು. ಆದರೆ ಒಂದು ಮಾತು ಗಮನಿಸಿ. ಸೆಕ್ಯುರಿಟಿ ಡೈರಿಯನ್ನು ಯಾರು ಬೇಕಾದರೂ ಅಳಿಸೋಕೆ ಆಗಲ್ಲ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಅಂದರೆ ಇಡೀ ಮನೆಯ ಮಾಸ್ಟರ್ ಕೀ. ಹಾಗಾಗಿ ಡೈರಿ ಕಳ್ಳನ ಕೈಯಲ್ಲಿ ಖಾಲಿಯಾಗಿದೆ ಅಂದರೆ, ಅವನು ಬಾಗಿಲಲ್ಲಿ ನಿಂತಿಲ್ಲ. ಆಗಲೇ ದೇವರಮನೆಗೇ ಬಂದು ಕೂತಿದ್ದಾನೆ ಅಂತ ಅರ್ಥ.

ಇಲ್ಲೇ ಒಂದು ಸ್ವಾರಸ್ಯ ಇದೆ. ಸೆಕ್ಯುರಿಟಿ ಡೈರಿಯನ್ನು ಪೂರ್ತಿ ಅಳಿಸಿದ ಮರುಕ್ಷಣವೇ ವಿಂಡೋಸ್ ಆ ಖಾಲಿ ಪುಸ್ತಕದಲ್ಲಿ ಒಂದು ಸಾಲು ತಾನಾಗಿಯೇ ಬರೀತದೆ. ಅದರ ನಂಬರ್ 1102. ಅರ್ಥ: 'ಡೈರಿ ಅಳಿಸಲಾಗಿದೆ.' ಯಾವ ಖಾತೆಯಿಂದ ಅಳಿಸಿದ್ದು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಅದೂ ಇರತ್ತೆ. ಸಿಸ್ಟಮ್ ಅನ್ನೋ ಇನ್ನೊಂದು ಡೈರಿ ಅಳಿಸಿದರೆ 104 ಅಂತ ಬೀಳತ್ತೆ. ಇಷ್ಟೇ ಅಲ್ಲ, ಈ ಪುಸ್ತಕದ ಪ್ರತಿ ನಮೂದಿಗೂ ಒಂದು ಕ್ರಮಸಂಖ್ಯೆ ಇರತ್ತೆ. ಅಳಿಸಿದ ಮೇಲೂ ಅದು ಒಂದರಿಂದ ಶುರುವಾಗಲ್ಲ, ನಿಂತಲ್ಲಿಂದ ಮುಂದುವರಿಯತ್ತೆ. ಪುಟ ಸಂಖ್ಯೆ ಹಾಕಿದ ರಿಜಿಸ್ಟರಿನಿಂದ ನಲವತ್ತು ಹಾಳೆ ಹರಿದು ಹಾಕಿದರೆ, ಉಳಿದ ಹಾಳೆಯ ನಂಬರೇ ಕೂಗಿ ಹೇಳಲ್ವಾ? ಹಾಗೆ.

ಇದು ಕಲ್ಪನೆಯ ಮಾತಲ್ಲ, ದೊಡ್ಡ ದೊಡ್ಡ ದಾಳಿಗಳಲ್ಲಿ ಆಗಿರೋದು. 2017ರ ಜೂನ್ 27. ಉಕ್ರೇನ್‌ನಲ್ಲಿ ತೆರಿಗೆ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಮೂಲಕ ನಾಟ್‌ಪೆಟ್ಯಾ ಅನ್ನೋ ಮಾರಿ ಹೊರಬಿತ್ತು. ಕೆಲವೇ ಗಂಟೆಗಳಲ್ಲಿ ಗಡಿ ದಾಟಿತು. ಮಾರ್ಸ್ಕ್ ಅನ್ನೋ ಡೆನ್ಮಾರ್ಕಿನ ಹಡಗು ಕಂಪನಿಯ ಕಂಪ್ಯೂಟರುಗಳು ನೆಲಕಚ್ಚಿದವು. ಅದರ ಬಿಸಿ ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ಗೂ ತಟ್ಟಿತು, ಕಂಟೇನರ್ ಕೆಲಸಕ್ಕೆ ಪೆಟ್ಟು ಬಿತ್ತು. ಆ ಕಂಪನಿಯೇ ಲೆಕ್ಕ ಹಾಕಿದ ನಷ್ಟ 20ರಿಂದ 30 ಕೋಟಿ ಡಾಲರ್. ಈ ನಾಟ್‌ಪೆಟ್ಯಾ ತಾನು ಹೊಕ್ಕ ಕಂಪ್ಯೂಟರಿನಲ್ಲಿ ಒಂದಲ್ಲ, ನಾಲ್ಕು ಡೈರಿಗಳನ್ನು ಸಾಲಾಗಿ ಅಳಿಸುವ ಆದೇಶ ಕೊಡುತ್ತಿತ್ತು. ಸೆಟಪ್, ಸಿಸ್ಟಮ್, ಸೆಕ್ಯುರಿಟಿ, ಅಪ್ಲಿಕೇಶನ್. ಮನೆಗೆ ಬೆಂಕಿ ಹಚ್ಚುವ ಮೊದಲು ಮನೆಯ ಲೆಕ್ಕದ ಪುಸ್ತಕವನ್ನೂ ಹರಿದು ಹಾಕಿದ ಹಾಗೆ.

ಮರುವರ್ಷ, 2018ರ ಫೆಬ್ರವರಿ 9. ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಅದೇ ಹೊತ್ತಿಗೆ ವೈಫೈ ಹೋಯ್ತು, ವೆಬ್‌ಸೈಟ್ ಬಿತ್ತು, ಜನರಿಗೆ ಟಿಕೆಟ್ ಪ್ರಿಂಟ್ ತಗೊಳ್ಳೋಕೆ ಆಗಲಿಲ್ಲ. ಆ ದಾಳಿಯ ಹೆಸರು ಒಲಿಂಪಿಕ್ ಡೆಸ್ಟ್ರಾಯರ್. ಅದೂ ಡೈರಿ ಅಳಿಸಿತು. ಜೊತೆಗೆ ಇನ್ನೊಂದು ಕಿತಾಪತಿ ಮಾಡಿತು. ಇದು ಉತ್ತರ ಕೊರಿಯಾದವರ ಕೆಲಸ ಅನ್ನಿಸುವ ಹಾಗೆ ಬೇಕಂತಲೇ ಸುಳ್ಳು ಗುರುತು ಬಿಟ್ಟು ಹೋಗಿತ್ತು. ಖಾರದ ಪುಡಿಯನ್ನೂ ಎರಚಿ, ಪಕ್ಕದ ಮನೆಯವನ ಚಪ್ಪಲಿಯನ್ನೂ ಬಾಗಿಲಲ್ಲಿ ಬಿಟ್ಟು ಹೋದ ಹಾಗೆ! ಆದರೆ ತಜ್ಞರು ಆ ಗುರುತನ್ನೇ ಹಿಡಿದು ಜಾಲಾಡಿ, ಇದು ನಕಲಿ ಅಂತ ತೋರಿಸಿದರು. 2020ರ ಅಕ್ಟೋಬರ್‌ನಲ್ಲಿ ಅಮೆರಿಕ ಈ ಎರಡೂ ದಾಳಿಗಳಿಗೆ ರಷ್ಯಾದ ಸೇನಾ ಗುಪ್ತಚರ ವಿಭಾಗದ ಆರು ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ರಷ್ಯಾ ಒಪ್ಪಲಿಲ್ಲ, ಆ ಮಾತು ಬೇರೆ. ಆದರೆ ಡೈರಿ ಅಳಿಸಿದ ಮಾತ್ರಕ್ಕೆ ಹೆಸರು ಹೊರಬರದೇ ಉಳಿಯಲಿಲ್ಲ ನೋಡಿ.

ಪೂರ್ತಿ ಡೈರಿ ಅಳಿಸಿದರೆ ಎದ್ದು ಕಾಣತ್ತೆ, ಒಂದೇ ಒಂದು ಸಾಲು ತೆಗೆದರೆ? ಅಂಥ ಜಾಣರೂ ಇದ್ದಾರೆ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯದ್ದು ಅಂತ ಹೇಳಲಾದ ಒಂದಿಷ್ಟು ಸಾಧನಗಳು 2017ರಲ್ಲಿ ಬಹಿರಂಗವಾದವು. ಅದರಲ್ಲಿ ಡೈರಿಯಿಂದ ಬೇಕಾದ ಸಾಲನ್ನಷ್ಟೇ ಮಾಯ ಮಾಡುವ ಸಾಧನವೂ ಇತ್ತು. 1102 ಬೀಳಲ್ಲ, ಕ್ರಮಸಂಖ್ಯೆಯನ್ನೂ ಸರಿಮಾಡಿ ಬಿಡತ್ತೆ. ಎಲ್ಲ ಮುಗೀತು ಅನ್ನಬೇಕು, ಅಷ್ಟರಲ್ಲಿ ನೆದರ್‌ಲ್ಯಾಂಡ್ಸ್‌ನ ಫಾಕ್ಸ್-ಐಟಿ ಕಂಪನಿಯವರು ಅದನ್ನು ಬಿಚ್ಚಿ ನೋಡಿದರು. ಅವರಿಗೆ ಕಂಡದ್ದೇನು ಗೊತ್ತಾ? ಆ ಸಾಲು ಅಳಿಸಿಯೇ ಇರಲಿಲ್ಲ. ಅದರ ಹಿಂದಿನ ಸಾಲಿನ ಉದ್ದವನ್ನು ಹಿಗ್ಗಿಸಿ, ಅದರ ಹೊಟ್ಟೆಯೊಳಗೆ ಇದನ್ನು ಅಡಗಿಸಿಟ್ಟಿದ್ದರು. ನಮ್ಮ ಶ್ಯಾನುಭೋಗರ ಕಡತದಲ್ಲಿ ಎರಡು ಹಾಳೆಯನ್ನು ಅಂಟಿಸಿಬಿಟ್ಟರೆ ಓದುವವನಿಗೆ ಒಂದೇ ಹಾಳೆ ಅನ್ನಿಸತ್ತಲ್ಲ, ಹಾಗೆ. ಬೆರಳಿಟ್ಟು ದಪ್ಪ ನೋಡಿದವನಿಗೆ ಮಾತ್ರ ಗೊತ್ತಾಗತ್ತೆ. ಅಂಟು ಬಿಡಿಸಿದರೆ ಒಳಗಿನ ಬರಹ ಹಾಗೇ ಇದೆ.

ಇನ್ನೂ ಒಂದು ಜಾಣತನ ಇದೆ. ಬರೆದದ್ದನ್ನು ಅಳಿಸುವ ಗೋಜೇ ಬೇಡ, ಬರೆಯುವುದನ್ನೇ ನಿಲ್ಲಿಸೋಣ! ಸೋಲಾರ್‌ವಿಂಡ್ಸ್ ಅನ್ನೋ ಕಂಪನಿಯ ಸಾಫ್ಟ್‌ವೇರ್ ಮೂಲಕ ಅಮೆರಿಕದ ಸರ್ಕಾರಿ ಇಲಾಖೆಗಳ ಒಳಗೇ ನುಗ್ಗಿದ ದಾಳಿ 2020ರ ಡಿಸೆಂಬರ್‌ನಲ್ಲಿ ಬಯಲಾಯ್ತು. ಆ ದಾಳಿಕೋರರು ಕೆಲಸ ಶುರು ಮಾಡುವ ಮೊದಲು ಡೈರಿ ಬರೆಯುವುದನ್ನು ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಶುರು ಮಾಡಿ ಹೋಗುತ್ತಿದ್ದರು ಅಂತ ಮೈಕ್ರೋಸಾಫ್ಟ್ ಹೇಳಿತು. ವಾಚ್‌ಮನ್‌ಗೆ ಟೀ ಕುಡಿದು ಬಾ ಅಂತ ಕಳಿಸಿದ ಹಾಗೆ. ಆದರೆ ಏನನ್ನು ಬರೆಯಬೇಕು ಅನ್ನೋ ನಿಯಮ ಬದಲಾಯಿಸಿದ್ದಕ್ಕೂ ವಿಂಡೋಸ್‌ನಲ್ಲಿ ಒಂದು ನಮೂದಿದೆ, 4719. ವಾಚ್‌ಮನ್ ಟೀಗೆ ಹೋದ ಅನ್ನೋದು ಕೂಡ ರಿಜಿಸ್ಟರಿನಲ್ಲಿ ಬರತ್ತೆ.

ಹಾಗಾದರೆ ಕಳ್ಳ ಸಿಕ್ಕೇ ಸಿಗ್ತಾನೆ, ಚಿಂತೆ ಇಲ್ಲ ಅಂತೀರಾ? ಸ್ವಲ್ಪ ತಾಳಿ. 1102 ಅನ್ನೋ ಆ ಸಾಲು ಕೂಡ ಇರೋದು ಅದೇ ಕಂಪ್ಯೂಟರಿನಲ್ಲಿ. ಡಿಸ್ಕನ್ನೇ ಸುಟ್ಟುಹಾಕಿದರೆ ಡೈರಿಯೂ ಇಲ್ಲ, 1102ವೂ ಇಲ್ಲ. ಡಿವಿಆರ್ ಕಥೆಯಲ್ಲೂ ಮೂಲ ತಪ್ಪು ಇದೇ ಅಲ್ವಾ? ಕ್ಯಾಮೆರಾ ನೋಡಿದ್ದನ್ನೆಲ್ಲ ಕಳ್ಳ ಬರುವ ಕೋಣೆಯಲ್ಲೇ ಇಟ್ಟಿದ್ದು.

ಇದಕ್ಕೆ ಉತ್ತರವನ್ನು ಒಬ್ಬ ಖಗೋಳ ವಿಜ್ಞಾನಿ 1986ರಲ್ಲೇ ಕಂಡುಕೊಂಡಿದ್ದ. ಕ್ಲಿಫರ್ಡ್ ಸ್ಟೋಲ್ ಅಂತ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕೆಲಸ. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗುತ್ತಿಲ್ಲ, ಯಾಕೆ ಅಂತ ನೋಡು ಅಂದರು. ಒಂದು ಡಾಲರ್ ಕೂಡ ಅಲ್ಲ! ಬೇರೆಯವರಾಗಿದ್ದರೆ ಜೇಬಿನಿಂದ ಹಾಕಿ ಲೆಕ್ಕ ಸರಿಮಾಡುತ್ತಿದ್ದರು. ಈ ಮನುಷ್ಯ ಬೆನ್ನು ಹತ್ತಿದ. ಯಾರೋ ಒಳಗೆ ಬರುತ್ತಿದ್ದಾನೆ ಅಂತ ಗೊತ್ತಾದಾಗ ಆತ ಮಾಡಿದ್ದೇನು? ಹೊರಗಿನಿಂದ ಬರುವ ಲೈನುಗಳಿಗೆ ಪ್ರಿಂಟರ್ ಕಟ್ಟಿದ. ಕಳ್ಳ ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಬೀಳುತ್ತಿತ್ತು. ಕಂಪ್ಯೂಟರಿನ ಒಳಗಿರುವುದನ್ನು ಅಳಿಸಬಹುದು, ಪಕ್ಕದ ಕೋಣೆಯಲ್ಲಿ ಬಿದ್ದಿರುವ ಕಾಗದವನ್ನು ಅಳಿಸೋಕಾಗುತ್ತಾ? ಆ ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ನಿಂತಿತು. ಅಮೆರಿಕದ ಮಿಲಿಟರಿ ಮಾಹಿತಿ ಕದ್ದು ಸೋವಿಯತ್ ರಷ್ಯಾದ ಕೆಜಿಬಿಗೆ ಮಾರುತ್ತಿದ್ದ ಗುಂಪು ಅದು. 75 ಸೆಂಟಿನಿಂದ ಶುರುವಾದದ್ದು!

ಇವತ್ತಿನ ಉಪಾಯವೂ ಅದೇ, ಕಾಗದ ಹೋಗಿದೆ ಅಷ್ಟೇ. ಡೈರಿಯಲ್ಲಿ ಒಂದು ಸಾಲು ಬಿದ್ದ ಕೂಡಲೇ ಅದರ ನಕಲು ಬೇರೊಂದು ಕಂಪ್ಯೂಟರಿಗೆ ಹೋಗಬೇಕು. ಅದರ ಬೀಗದ ಕೈ ಬೇರೆಯವರ ಹತ್ತಿರ ಇರಬೇಕು. ಆಗ ಕಳ್ಳ ಇಲ್ಲಿ ಅಳಿಸುವ ಹೊತ್ತಿಗೆ ಅವನ ಫೋಟೋ ಆಗಲೇ ಊರು ದಾಟಿರತ್ತೆ. ಅಲ್ಲಿ ಕೂತವರು ಮೂರು ವಿಷಯ ನೋಡಬೇಕು. ಒಂದು, 1102 ಅಥವಾ 104 ಬಿತ್ತಾ? ಬಿದ್ದರೆ ಗಂಟೆ ಹೊಡೆಯಬೇಕು. ಎರಡು, ಅದಕ್ಕೂ ಹಿಂದಿನ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಏನೇನು ನಡೀತು? ಮೂರು, ಎಲ್ಲಕ್ಕಿಂತ ಮುಖ್ಯ, ಯಾವುದಾದರೂ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಮೌನ ಆಯ್ತಾ? ದಿನವಿಡೀ ಮಾತಾಡುವ ಮಗು ಒಳಗಿನ ಕೋಣೆಯಲ್ಲಿ ಅರ್ಧ ಗಂಟೆ ಸದ್ದಿಲ್ಲ ಅಂದರೆ ತಾಯಿ ಎದ್ದು ಹೋಗಿ ನೋಡ್ತಾಳೆ. ಅದೇ ಬುದ್ಧಿ ಇಲ್ಲೂ ಬೇಕು.

ಮೌನದ ಬೆಲೆ ಏನು ಅಂತ ಬಾಂಗ್ಲಾದೇಶವನ್ನು ಕೇಳಿ. 2016ರ ಫೆಬ್ರವರಿ ಮೊದಲ ವಾರ. ಆ ದೇಶದ ಕೇಂದ್ರ ಬ್ಯಾಂಕಿಗೆ ನುಗ್ಗಿದವರು ನ್ಯೂಯಾರ್ಕ್‌ನಲ್ಲಿದ್ದ ಅದರ ಖಾತೆಯಿಂದ 95 ಕೋಟಿ ಡಾಲರ್ ಎತ್ತುವ ಆದೇಶ ಕಳಿಸಿದರು. ಹಣ ವರ್ಗಾವಣೆಯ ದಾಖಲೆ ಬ್ಯಾಂಕಿನ ಕಂಪ್ಯೂಟರಿನಿಂದ ಅಳಿಸಿ ಹೋಗುವಂತೆ ಮಾಡಿದ್ದರು. ವಹಿವಾಟು ಖಾತ್ರಿ ಸಂದೇಶಗಳನ್ನು ಪ್ರಿಂಟ್ ಮಾಡುತ್ತಿದ್ದ ಪ್ರಿಂಟರನ್ನೂ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ನೋಡಿದರೆ ಪ್ರಿಂಟರ್ ಕೆಲಸ ಮಾಡ್ತಿಲ್ಲ. ಪ್ರಿಂಟರ್ ಕೆಟ್ಟಿದೆ, ಹೊಸದೇನಲ್ಲ ಅಂದುಕೊಂಡರು. ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಅಷ್ಟರಲ್ಲಿ 8.1 ಕೋಟಿ ಡಾಲರ್ ಫಿಲಿಪೀನ್ಸ್ ಸೇರಿ ಅಲ್ಲಿನ ಕ್ಯಾಸಿನೋಗಳಲ್ಲಿ ಕರಗಿ ಹೋಗಿತ್ತು. ಸ್ಟೋಲ್ ಪ್ರಿಂಟರ್ ಕಟ್ಟಿ ಕಳ್ಳನನ್ನು ಹಿಡಿದ. ಇಲ್ಲಿ ಕಳ್ಳ ಪ್ರಿಂಟರ್ ಬಾಯಿ ಕಟ್ಟಿ ಗೆದ್ದ.

ಈಗ ನಮ್ಮ ಮನೆಗೆ ಬರೋಣ. ಕಾನೂನಿದೆಯಾ? ಇದೆ. ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದೆ. ಕಂಪ್ಯೂಟರ್ ಡೈರಿಗಳನ್ನು 180 ದಿನ ಕಾಪಾಡಬೇಕು. ದಾಳಿಯಾಗಿದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಎಲ್ಲ ಕಂಪ್ಯೂಟರುಗಳ ಗಡಿಯಾರ ಒಂದೇ ಸಮಯ ತೋರಿಸಬೇಕು, ಯಾಕಂದರೆ ಒಂದು ಡೈರಿಯಲ್ಲಿ ಎರಡು ಗಂಟೆ, ಇನ್ನೊಂದರಲ್ಲಿ ಎರಡೂವರೆ ಇದ್ದರೆ ಯಾವುದು ಮೊದಲು ನಡೆದದ್ದು ಅಂತ ಕೋರ್ಟಿನಲ್ಲಿ ಹೇಳೋದು ಹೇಗೆ? ಕಂಪನಿಗಳ ಲೆಕ್ಕಪತ್ರಕ್ಕೂ 2023ರ ಏಪ್ರಿಲ್ 1ರಿಂದ ನಿಯಮ ಬಂದಿದೆ. ಯಾರು ಯಾವ ನಮೂದು ತಿದ್ದಿದರು ಅನ್ನೋ ಎಡಿಟ್ ಲಾಗ್ ಇರಲೇಬೇಕು, ಅದನ್ನು ನಿಲ್ಲಿಸುವ ಹಾಗಿಲ್ಲ. ಟ್ಯಾಲಿಯಲ್ಲಿ ಕೂತು ಲೆಕ್ಕ ಬರೆಯುವ ಎಲ್ಲರಿಗೂ ಇದು ಗೊತ್ತಿದೆ. ನಮ್ಮಂಥ ಚಾನೆಲ್‌ಗಳಿಗೂ ಬಿಟ್ಟಿಲ್ಲ. ನಾನು ಇಲ್ಲಿ ಕೂತು ಏನು ಮಾತಾಡ್ತೀನೋ ಅದರ ರೆಕಾರ್ಡಿಂಗನ್ನು 90 ದಿನ ಇಟ್ಟುಕೊಂಡಿರಬೇಕು. ನಾನು ಹಾಗೆ ಹೇಳೇ ಇಲ್ಲ ಅಂತ ನಾಳೆ ಜಾರಿಕೊಳ್ಳೋಕಾಗಲ್ಲ.

ಆದರೆ ಕಾನೂನು ಕಾಗದದ ಮೇಲಿದ್ದರೆ ಸಾಲದು. ವಿಂಡೋಸ್‌ನಲ್ಲಿ ಸೆಕ್ಯುರಿಟಿ ಡೈರಿಗೆ ಮೊದಲಿಗೆ ಕೊಟ್ಟಿರುವ ಜಾಗ ಬರೀ 20 ಎಂಬಿ. ಮೊಬೈಲ್‌ನಲ್ಲಿ ತೆಗೆದ ನಾಲ್ಕಾರು ಫೋಟೋಗೆ ಬೇಕಾಗುವಷ್ಟು. ಕೆಲಸ ಜಾಸ್ತಿ ಇರುವ ಸರ್ವರ್‌ನಲ್ಲಿ ಅದು ಬೇಗ ತುಂಬಿ, ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗತ್ತೆ. ಯಾರೂ ಆ ಜಾಗ ಹಿಗ್ಗಿಸಿಲ್ಲ, ಹೊರಗೆ ನಕಲು ಇಟ್ಟಿಲ್ಲ ಅಂದರೆ 180 ದಿನ ಎಲ್ಲಿಂದ ಬರಬೇಕು? ಅಲ್ಲಿ ಕಳ್ಳ ಅಳಿಸಬೇಕಾಗಿಯೇ ಇಲ್ಲ. ನಮ್ಮ ಉದಾಸೀನವೇ ಅವನ ಪರವಾಗಿ ಅಳಿಸಿಕೊಡತ್ತೆ.

ಇನ್ನೊಂದು ಮಾತು ಹೇಳಲೇಬೇಕು. 1102 ಕಂಡ ಕೂಡಲೇ 'ಸಿಕ್ಕಿಬಿದ್ದ ಕಳ್ಳ' ಅಂತ ಬ್ರೇಕಿಂಗ್ ಹಾಕುವ ಹಾಗಿಲ್ಲ. ರಿಪೇರಿಗೆ ಬಂದ ಟೆಕ್ನಿಷಿಯನ್ ಹಳೆಯದನ್ನೆಲ್ಲ ತೆಗೆದು ಪರೀಕ್ಷೆ ಮಾಡಿರಬಹುದು. ಅದಕ್ಕೆ ಅನುಮತಿ ಇತ್ತಾ, ಕೆಲಸದ ಹೊತ್ತಿನಲ್ಲಿ ನಡೀತಾ, ಆ ಕುರ್ಚಿಯಿಂದಲೇ ನಡೀತಾ, ಅಳಿಸುವ ಮೊದಲು ನಕಲು ತೆಗೆದಿದ್ದರಾ ಅಂತ ಕೇಳಬೇಕು. ಉತ್ತರ ಇದ್ದರೆ ಸರಿ. ಯಾರಿಗೂ ಗೊತ್ತಿಲ್ಲ ಅನ್ನೋ ಉತ್ತರ ಬಂತು ಅಂದರೆ ಅಲ್ಲಿಂದ ತನಿಖೆ ಶುರು.

ನನ್ನನ್ನು ನಿಜವಾಗಿ ಕಾಡೋದು ಇಲ್ಲೇ. 1102ರಲ್ಲಿ ಖಾತೆಯ ಹೆಸರು ಬರತ್ತೆ ಅಂದೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಆ ಹೆಸರು ಏನಿರತ್ತೆ? 'ಅಡ್ಮಿನ್'. ಅದರ ಪಾಸ್‌ವರ್ಡ್ ಯಾರಿಗೆ ಗೊತ್ತು? ಎಲ್ಲರಿಗೂ. ಮಾನಿಟರ್ ಮೂಲೆಯಲ್ಲಿ ಚೀಟಿ ಅಂಟಿಸಿಟ್ಟಿರ್ತಾರೆ. ಸಾಹೇಬರು ಕೂಡ ತಮ್ಮ ಲಾಗಿನ್ನನ್ನು ಹುಡುಗನ ಕೈಗೆ ಕೊಟ್ಟು 'ನೀನೇ ಒಂದು ಓಕೆ ಒತ್ತಿಬಿಡಪ್ಪಾ' ಅಂತಾರೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ, ಡೈರಿಯೂ ಖಾಲಿ ಆದರೆ, ಪೊಲೀಸರು ಮೊದಲು ಯಾರನ್ನು ಕೂರಿಸಿ ಕೇಳ್ತಾರೆ? ಸಾಹೇಬರನ್ನಲ್ಲ. ತಿಂಗಳ ಸಂಬಳ ಸರಿಯಾಗಿ ಸಿಗದ, ಗುತ್ತಿಗೆ ಮೇಲಿರುವ ಆ ಡೇಟಾ ಎಂಟ್ರಿ ಹುಡುಗನನ್ನು, ಹುಡುಗಿಯನ್ನು. ಡೈರಿ ಅಂದರೆ ಕಳ್ಳನನ್ನು ಹಿಡಿಯೋಕೆ ಮಾತ್ರ ಅಂದುಕೊಂಡಿದ್ದೀವಿ. ಅಲ್ಲ ಸ್ವಾಮಿ. 'ಆ ಹೊತ್ತಿನಲ್ಲಿ ನಾನಲ್ಲ' ಅಂತ ಹೇಳೋಕೆ ಒಬ್ಬ ನಿರಪರಾಧಿಗೆ ಇರುವ ಒಂದೇ ಸಾಕ್ಷಿಯೂ ಅದೇ. ಅದನ್ನು ಕಾಪಾಡದ ಕಚೇರಿ ತನ್ನ ದುಡ್ಡನ್ನಷ್ಟೇ ಅಲ್ಲ, ತನ್ನ ಕೈಕೆಳಗಿನವರ ಮಾನವನ್ನೂ ಬೀದಿಗೆ ಇಟ್ಟಿರತ್ತೆ.

ಹಾಗಾಗಿ ನಿಮಗೊಂದು ಕೆಲಸ. ನೀವು ಯಾವುದಾದರೂ ಸಹಕಾರಿ ಬ್ಯಾಂಕಿನ, ಸೊಸೈಟಿಯ ಸದಸ್ಯರಾಗಿದ್ದರೆ ವರ್ಷಕ್ಕೊಂದು ಸಲ ಮಹಾಸಭೆಗೆ ಕರೀತಾರೆ. ಹೋಗ್ತೀರಿ, ಊಟ ಮಾಡ್ತೀರಿ, ಸ್ವೀಟ್ ಬಾಕ್ಸ್ ತಗೊಂಡು ಬರ್ತೀರಿ. ಈ ಸಲ ಕೈ ಎತ್ತಿ ಮೂರು ಪ್ರಶ್ನೆ ಕೇಳಿ. ನಮ್ಮ ಬ್ಯಾಂಕಿನ ಕಂಪ್ಯೂಟರ್ ಡೈರಿಯ ನಕಲು ಬೇರೆ ಕಡೆ ಇದೆಯಾ? ಒಬ್ಬೊಬ್ಬರಿಗೂ ಅವರದೇ ಲಾಗಿನ್ ಇದೆಯಾ, ಅಥವಾ ಎಲ್ಲರಿಗೂ ಸೇರಿ ಒಂದಾ? ಇವತ್ತು ರಾತ್ರಿ ಎರಡು ಗಂಟೆಗೆ ಯಾರಾದರೂ ಆ ಡೈರಿ ಅಳಿಸಿದರೆ ಬೆಳಿಗ್ಗೆಯೊಳಗೆ ಅದು ಯಾರಿಗೆ ಗೊತ್ತಾಗತ್ತೆ, ಅವರ ಹೆಸರೇನು?

ಮೊದಲ ಎರಡಕ್ಕೆ ಹೇಗಾದರೂ ಉತ್ತರ ಹೊಂದಿಸ್ತಾರೆ. ಮೂರನೆಯದಕ್ಕೆ ವೇದಿಕೆ ಮೇಲಿರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಸ್ವೀಟ್ ಬಾಕ್ಸ್ ಕೆಳಗಿಟ್ಟು ಉತ್ತರ ಬರೋತನಕ ಅಲ್ಲೇ ನಿಂತಿರಿ. ದುಡ್ಡು ನಿಮ್ಮದು.